ಆರನೆಯ ಮೀಟರು

ಮೇ ತಿಂಗಳಲ್ಲಿ ಎರಡು ವಾರ, ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಗಂಟೆಗೊಮ್ಮೆ, ನಾನು ಪುಟ್ಟೇನಹಳ್ಳಿಯ ನಮ್ಮ ಬಾಡಿಗೆ ಮನೆಯಿಂದ ಮೆಟ್ಟಿಲಿಳಿದು ಕೆಳಗಿನ ಮೀಟರ್ ಬೋರ್ಡಿನ ಮುಂದೆ ನಿಲ್ಲುತ್ತಿದ್ದೆ. ಕಟ್ಟಡದಲ್ಲಿ ಎಂಟು ಮನೆ, ಎಂಟು ಮೀಟರು. ಅಂಕಿಗಳನ್ನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮತ್ತೆ ಹತ್ತುತ್ತಿದ್ದೆ. ನಾನು ಹೊರಗೆ ಹೋದ ಹೊತ್ತಿನಲ್ಲಿ ಅಮ್ಮ ಇಳಿಯುತ್ತಿದ್ದರು. ಅಮ್ಮ ದಶಾಂಶದ ಚುಕ್ಕಿಯ ನಂತರದ ಅಂಕಿ ಬರೆಯುತ್ತಿರಲಿಲ್ಲ. "ಅಷ್ಟು ಚಿಲ್ರೆ ಯಾತಕ್ಕೆ ನಿಂಗೆ" ಎನ್ನುತ್ತಿದ್ದರು. ಆ ಕಾರಣಕ್ಕೆ ನಾವಿಬ್ಬರೂ ಒಂದು ಇಡೀ ದಿನ ಮಾತಾಡಿರಲಿಲ್ಲ.

ಇದೆಲ್ಲ ಒಂದು ಬೇಸಿಗೆ ವಿಶ್ವವಿದ್ಯಾಲಯದ ಸಲುವಾಗಿ. ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ಮೂರು ವಾರ ಒಂದು ಕಡೆ ಸೇರಿ ಸುಸ್ಥಿರ ಇಂಧನ ಮತ್ತು ಹವಾಮಾನ ನೀತಿಯನ್ನು ಓದುವ ಕಾರ್ಯಕ್ರಮ ಅದು. ಆ ವರ್ಷ ಬನಶಂಕರಿಯ ಒಂದು ಕಾಲೇಜಿನಲ್ಲಿ ನಡೆಯುವುದಿತ್ತು. ನಾನು ಎಂ.ಎಸ್ಸಿ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಅರ್ಜಿ ಹಾಕಿದ್ದನ್ನು ಯಾರಿಗೂ ಹೇಳಿರಲಿಲ್ಲ, ಆಯ್ಕೆಯಾದ ಮೇಲೆ ಅಮ್ಮನಿಗೆ ಮಾತ್ರ ಹೇಳಿದೆ. ಬರುವ ಮೊದಲು ಪ್ರತಿಯೊಬ್ಬರೂ ತಮ್ಮ ಮನೆಯ ಹತ್ತಿರದ ಒಂದು ಕಟ್ಟಡದಲ್ಲಿ ಯಾವ ಗಂಟೆಗೆ ಎಷ್ಟು ವಿದ್ಯುತ್ತು ಖರ್ಚಾಗುತ್ತದೆ ಎಂದು ಗುರುತು ಮಾಡಿಕೊಂಡು ತರಬೇಕೆಂದು ಪತ್ರದಲ್ಲಿತ್ತು.

ಕಟ್ಟಡದ ಮಾಲೀಕರನ್ನು ನಾವೆಲ್ಲ ಓನರ್ ಅಂಕಲ್ ಎನ್ನುತ್ತೇವೆ. ಕಟ್ಟಡ ನಿಂತಿರುವ ಜಾಗದಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಈಗ ಅವರು ನೆಲಮಹಡಿಯಲ್ಲಿ ಇರುತ್ತಾರೆ, ಬೆಳಿಗ್ಗೆ ಹತ್ತಕ್ಕೆ ಮಗನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಮಧ್ಯಾಹ್ನ ಊಟಕ್ಕೆ ಬರುತ್ತಾರೆ. ಮೊದಲ ದಿನ ನನ್ನನ್ನು ಬೋರ್ಡಿನ ಮುಂದೆ ಕಂಡು ಹತ್ತಿರ ಬಂದು ನೋಟ್‌ಬುಕ್ಕಿಗೆ ಇಣುಕಿದರು.

"ಏನಮ್ಮ, ಓದಿದ್ದೆಲ್ಲ ಬುಟ್ಟು ಮೀಟರ್ ರೀಡರ್ ಆಗ್ಬುಟ್ಯಾ?"

ನಾನು ವಿಷಯ ಹೇಳಿದೆ.

"ಬರ್ಕೊ, ಬರ್ಕೊ. ಕರೆಂಟ್ ಆಫೀಸ್ನೋರಿಗೆ ಮಾತ್ರ ತೋರಿಸ್ಬೇಡ. ನಮ್ದೇನೂ ತಪ್ಪಿಲ್ಲ, ಆದ್ರೂ ಅವ್ರು ಬಂದ್ರೆ ಏನಾದ್ರೂ ಒಂದು ಹೇಳ್ತಾರೆ."

ನಾಲ್ಕನೆಯ ದಿನ ಅಂಕಿಗಳನ್ನು ಲ್ಯಾಪ್‌ಟಾಪಿಗೆ ಹಾಕಿ ಒಂದೊಂದು ಮನೆಗೂ ಒಂದೊಂದು ಗೆರೆ ಎಳೆದೆ. ಏಳು ಗೆರೆಗಳು ನಾನು ಊಹಿಸಿದಂತೆಯೇ ಇದ್ದವು: ಬೆಳಿಗ್ಗೆ ಗೀಸರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಸೇರಿ ಒಂದು ದಿಣ್ಣೆ. ಆಮೇಲೆ ಎಲ್ಲರೂ ಕೆಲಸಕ್ಕೆ ಹೋದ ಮೇಲಿನ ಬಯಲು. ಸಂಜೆ ಇನ್ನೊಂದು ದಿಣ್ಣೆ. ಆರನೆಯ ಗೆರೆ ಮಾತ್ರ ತದ್ವಿರುದ್ಧ. ಬೆಳಿಗ್ಗೆ ಸಂಜೆ ತಗ್ಗಿನಲ್ಲಿದ್ದು ಹತ್ತು ದಾಟಿದ ಮೇಲೆ ಎದ್ದು ಎರಡರೊಳಗೆ ಇಳಿಯುತ್ತಿತ್ತು, ದಿನವೂ, ಭಾನುವಾರ ಬಿಟ್ಟು.

ಆರನೆಯ ಮನೆ ನಮ್ಮ ಮೇಲಿನ ಮಹಡಿಯಲ್ಲಿದೆ. ಪಿಯುಸಿ ಓದುವ ಮಗಳನ್ನು ಕಟ್ಟಿಕೊಂಡು ಒಬ್ಬರು ಅಕ್ಕ ಅಲ್ಲಿದ್ದರು. ಮೆಟ್ಟಿಲಲ್ಲಿ ಎದುರಾದರೆ ನಕ್ಕು ಮುಂದೆ ಹೋಗುವಷ್ಟು ಪರಿಚಯ. ನಾನು ಹೋಗಿ ನಿಮ್ಮಲ್ಲಿ ಮಧ್ಯಾಹ್ನ ಏನು ನಡೆಯುತ್ತದೆ ಎಂದು ಕೇಳಿದೆ. ಈಗ ಯೋಚಿಸಿದರೆ ಆ ಪ್ರಶ್ನೆಯನ್ನು ಹಾಗೆ ಕೇಳಬಾರದಿತ್ತು.

"ಏನಿಲ್ಲಪ್ಪ. ಟಿವಿ ನೋಡ್ತೀನಿ."

"ಟಿವಿಗೆ ಅಷ್ಟು ಆಗಲ್ಲ ಅಕ್ಕಾ."

ಅವರು ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿದರು. ನಂತರ ಬಾಗಿಲನ್ನು ಪೂರ್ತಿ ತೆರೆದು ಒಳಗೆ ಕರೆದರು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಡಚಿದ ಹಳೆಯ ಜಮಖಾನ, ಅದರ ಮೇಲೆ ಗೋಣಿಚೀಲ, ಅದರ ಮೇಲೆ ಹೋಟೆಲುಗಳಲ್ಲಿ ಇರುವಂಥ ದೊಡ್ಡ ಗ್ರೈಂಡರು. ಗೋಡೆಯುದ್ದಕ್ಕೂ ಸ್ಟೀಲಿನ ಡಬರಿಗಳು. ಜೆ.ಪಿ. ನಗರದ ಐದಾರು ಅಂಗಡಿಗಳಿಗೆ ದೋಸೆ ಹಿಟ್ಟು ರುಬ್ಬಿ ಕೊಡುತ್ತಿದ್ದರು. ಮನೆ ನಡೆಯುತ್ತಿದ್ದದ್ದೇ ಅದರಿಂದ.

"ಓನರ್ ಇಲ್ದಿರೋ ಟೈಮ್ ನೋಡ್ಕೊಂಡು ರುಬ್ತೀನಿ. ಸದ್ದು ಕೆಳಗೆ ಹೋಗ್ಬಾರ್ದು ಅಂತ ಇದೆಲ್ಲ ಹಾಸಿದೀನಿ. ನೀವು ಕೆಳಗೇ ಇದೀರಲ್ಲ, ಕೇಳ್ಸುತ್ತಾ?"

"ಇಲ್ಲ."

"ಹಂಗಾದ್ರೆ ಈ ಹಾಳು ಮೀಟ್ರು ಚಾಡಿ ಹೇಳ್ತಾ?"

ಬಾಡಿಗೆ ಕರಾರಿನಲ್ಲಿ ವಾಸಕ್ಕೆ ಮಾತ್ರ ಎಂದಿದೆ. ಹಿಂದಿನ ವರ್ಷ ಮೂರನೆಯ ಮಹಡಿಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದವರಿಗೆ ಓನರ್ ಅಂಕಲ್ ಒಂದೇ ತಿಂಗಳಲ್ಲಿ ಮನೆ ಖಾಲಿ ಮಾಡಿಸಿದ್ದರು. ಜೊತೆಗೆ ಮನೆ ಬಳಕೆಯ ಕರೆಂಟಿನಲ್ಲಿ ವ್ಯಾಪಾರ ಮಾಡುವಂತಿಲ್ಲ, ಸಿಕ್ಕಿಬಿದ್ದರೆ ದಂಡ. ಅಕ್ಕ ಇದನ್ನೆಲ್ಲ ನನಗೆ ವಿವರಿಸಲಿಲ್ಲ. ಇಷ್ಟೇ ಹೇಳಿದರು: "ಮಗಳ ಪರೀಕ್ಷೆ ಮುಗಿಯೋವರೆಗೂ ನಾನು ಎಲ್ಲಿಗೂ ಹೋಗೋ ಹಂಗಿಲ್ಲ ಕಣೆ. ಯಾರಿಗೂ ಹೇಳ್ಬೇಡ."

ಹೇಳುವುದಿಲ್ಲ ಎಂದೆ. ನನಗೆ ಅದು ಕಷ್ಟದ ಮಾತಾಗಿರಲಿಲ್ಲ. ನಾನು ಯಾರಿಗೂ ಏನನ್ನೂ ಹೇಳುವವಳಲ್ಲ.

ಹೆಸರೇನೋ ಬೇಸಿಗೆಯದು; ಜೂನ್ ಕೊನೆಯಲ್ಲಿ ತರಗತಿಗಳು ಶುರುವಾದಾಗ ಇಲ್ಲಿ ದಿನವೂ ಮೋಡ. ಹೊರದೇಶದವರು ಹಾಸ್ಟೆಲಿನಲ್ಲಿದ್ದರು, ನಾನು ಡಬ್ಬಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮುಖ್ಯ ಅಧ್ಯಾಪಕಿ ಉತ್ತರ ಯುರೋಪಿನವರು, ಅರವತ್ತು ದಾಟಿದವರು. ಬಹಳ ವರ್ಷ ತಮ್ಮ ದೇಶದ ವಿದ್ಯುತ್ ಜಾಲದ ನಿಯಂತ್ರಣ ಕೊಠಡಿಯಲ್ಲಿ ಕೆಲಸ ಮಾಡಿ ಆಮೇಲೆ ಪಾಠಕ್ಕೆ ಬಂದಿದ್ದರು. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನ ಅವರು ಪರದೆಯ ಮೇಲೆ ಒಂದೇ ಒಂದು ಸಂಖ್ಯೆ ತೋರಿಸಿದರು. ಐವತ್ತರ ಹತ್ತಿರ, ದಶಾಂಶಗಳಲ್ಲಿ ನಡುಗುತ್ತ, ಕ್ಷಣ ಕ್ಷಣಕ್ಕೂ ಬದಲಾಗುತ್ತ. ಐವತ್ತಕ್ಕೆ ಸ್ವಲ್ಪ ಕಡಿಮೆ, ಸ್ವಲ್ಪ ಹೆಚ್ಚು, ಮತ್ತೆ ಕಡಿಮೆ. ಹತ್ತು ನಿಮಿಷ ನಮ್ಮನ್ನು ಅದನ್ನೇ ನೋಡಲು ಬಿಟ್ಟರು.

"ಇದು ಈ ದೇಶದ ವಿದ್ಯುತ್ತಿನ ನಾಡಿ, ಸೆಕೆಂಡಿಗೆ ಎಷ್ಟು ಮಿಡಿತ ಎಂಬ ಲೆಕ್ಕ, ಈ ಕ್ಷಣದ್ದು" ಎಂದರು ಆಮೇಲೆ. "ವಿದ್ಯುತ್ತು ಹುಟ್ಟಿದ ಕ್ಷಣವೇ ಖರ್ಚಾಗಬೇಕು. ಎಲ್ಲೋ ಒಬ್ಬರು ಸ್ವಿಚ್ಚು ಒತ್ತಿದರೆ ಅದೇ ಕ್ಷಣ ಎಲ್ಲೋ ಒಂದು ಯಂತ್ರ ಆ ಭಾರವನ್ನು ಹೊರುತ್ತದೆ. ಭಾರ ಹೆಚ್ಚಾದರೆ ಈ ಸಂಖ್ಯೆ ಕೆಳಗೆ ಬರುತ್ತದೆ, ಕಡಿಮೆಯಾದರೆ ಏರುತ್ತದೆ. ಇದು ಬಹಳ ಕೆಳಗೆ ಬಂದರೆ ಎಲ್ಲವೂ ನಿಲ್ಲುತ್ತದೆ."

ನಮ್ಮ ದೇಶದ ಜಾಲ ಒಂದೇ ಎಂದು ಅವರು ಹೇಳಿದರು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ, ಗುಜರಾತಿನಿಂದ ಅಸ್ಸಾಮಿನವರೆಗೆ ವಿದ್ಯುತ್ತು ತಯಾರಿಸುವ ದೊಡ್ಡ ದೊಡ್ಡ ಚಕ್ರಗಳೆಲ್ಲ ಒಂದೇ ಲಯದಲ್ಲಿ ತಿರುಗುತ್ತವೆ. ಒಂದು ಹಿಂದೆ ಬೀಳುವಂತಿಲ್ಲ, ಒಂದು ಮುಂದೆ ಓಡುವಂತಿಲ್ಲ.

ನಾನು ಹುಟ್ಟಿದಾಗಿನಿಂದ ಸ್ವಿಚ್ಚು ಒತ್ತುತ್ತ ಬಂದವಳು, ಭೌತಶಾಸ್ತ್ರವನ್ನು ಪುಸ್ತಕದಲ್ಲಿ ಓದಿದವಳು. ಪರೀಕ್ಷೆಯಲ್ಲಿ ಇದಕ್ಕೆ ಉತ್ತರವನ್ನೂ ಬರೆದಿದ್ದೇನೆ. ಆದರೆ ನನ್ನ ಬೆರಳಿನ ತೂಕ ಎಲ್ಲೋ ಒಂದು ಚಕ್ರಕ್ಕೆ ಗೊತ್ತಾಗುತ್ತದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಅಂದು ಸಂಜೆ ಬಸ್ಸಿನ ಕಿಟಕಿಯಿಂದ ನೋಡುತ್ತ ಬಂದೆ. ಸಾರಕ್ಕಿಯ ಹತ್ತಿರ ಜ್ಯೂಸ್ ಅಂಗಡಿಯವನು ಮಿಕ್ಸಿ ಹಾಕಿದ. ಬಟ್ಟೆ ಅಂಗಡಿಯ ಬೋರ್ಡು ಹತ್ತಿಕೊಂಡಿತು. ಒಬ್ಬ ಟೈಲರ್ ಹೊಲಿಗೆಯಂತ್ರದ ಮೇಲೆ ಬಾಗಿದ್ದ. ಇವರೆಲ್ಲ ಆ ನಡುಗುವ ಸಂಖ್ಯೆಗೆ ಒರಗಿಕೊಂಡಿದ್ದಾರೆ, ಅದು ಅಷ್ಟನ್ನೂ ಹೊತ್ತುಕೊಂಡು ಮತ್ತೆ ಐವತ್ತಕ್ಕೆ ಬಂದು ನಿಲ್ಲುತ್ತಿದೆ. ಇಳಿಯಬೇಕಾದ ಸ್ಟಾಪು ದಾಟಿ ಹೋಗಿತ್ತು. ಹಿಂದಕ್ಕೆ ನಡೆದು ಬಂದೆ.

ಎರಡನೆಯ ವಾರದ ಪಾಠ ಬಿಸಿಲಿನದು. ಪಾವಗಡದ ಕಡೆಯ ಬಯಲಿನ ಸೌರಫಲಕಗಳ ಮೇಲೆ ಬೀಳುವ ಬಿಸಿಲು ಮಧ್ಯಾಹ್ನ ನಮ್ಮ ಫ್ಯಾನುಗಳನ್ನು ತಿರುಗಿಸುತ್ತದೆ. ಆ ಹೊತ್ತಿಗೆ ಅದು ಧಾರಾಳ. ಸಂಜೆ ಬಿಸಿಲು ಇಳಿಯುವುದಕ್ಕೂ ಊರೆಲ್ಲ ಮನೆಗೆ ಬಂದು ದೀಪ ಹಚ್ಚುವುದಕ್ಕೂ ಸರಿಹೋಗುತ್ತದೆ, ಆಗ ಕಲ್ಲಿದ್ದಲನ್ನೇ ಉರಿಸಬೇಕು. ಸಂಜೆಯ ಕೆಲಸವನ್ನು ಮಧ್ಯಾಹ್ನಕ್ಕೆ ತರುವುದು ಹೇಗೆ ಎನ್ನುವುದರ ಸುತ್ತಲೇ ಇಡೀ ವಾರದ ಚರ್ಚೆ. ದರ ಬದಲಿಸಬೇಕು ಎಂದರು ಕೆಲವರು. ಕಾನೂನು ಮಾಡಬೇಕು ಎಂದರು ಕೆಲವರು. ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಒಂದು ತಗ್ಗಿನ ದ್ವೀಪದಿಂದ ಬಂದವಳು. ಸಮುದ್ರ ಏರುತ್ತ ಅವರ ಶಾಲೆಯ ಆಟದ ಮೈದಾನ ಉಪ್ಪಾಗಿ ಹೋಗಿದೆಯಂತೆ. ಅವಳು ಚರ್ಚೆಯಲ್ಲಿ ಒಂದೇ ಮಾತು ಆಡಿದಳು: "ಯಾರಾದರೂ ಈಗಾಗಲೇ ಹಾಗೆ ಮಾಡುತ್ತಿದ್ದರೆ ಅವರನ್ನು ಹುಡುಕಿ ಕೇಳಿ."

ಮರುದಿನ ಅಧ್ಯಾಪಕಿ ನನ್ನ ಹಾಳೆಗಳನ್ನು ಹಿಡಿದು ನನ್ನ ಮೇಜಿನ ಹತ್ತಿರ ಬಂದರು. ಆರನೆಯ ಗೆರೆಯ ಮೇಲೆ ಪೆನ್ಸಿಲಿನಲ್ಲಿ ಸಣ್ಣ ವೃತ್ತ ಎಳೆದಿದ್ದರು.

"ಈ ಮನೆ ಸೂರ್ಯನನ್ನು ಹಿಂಬಾಲಿಸುತ್ತಿದೆ. ಯಾಕೆ?"

"ಗೊತ್ತಿಲ್ಲ" ಎಂದೆ.

"ಇಡೀ ತರಗತಿ ತಂದ ಅಂಕಿಗಳಲ್ಲಿ ಇಂಥದ್ದು ಇದೊಂದೇ. ಕೊನೆಯ ದಿನ ನೀವು ಇದನ್ನೇ ಮಂಡಿಸಬೇಕು. ವರದಿಯಲ್ಲೂ ಹಾಕೋಣ. ಇಲ್ಲಿನ ವಿದ್ಯುತ್ ಇಲಾಖೆಯವರೂ ಬರುತ್ತಾರೆ, ಅವರು ನೋಡಲಿ." ಹಾಳೆಗಳನ್ನು ಜೋಡಿಸಿಕೊಳ್ಳುತ್ತ ಕೇಳಿದರು. "ನಿಮ್ಮ ಕಟ್ಟಡ ಇಲ್ಲಿಂದ ದೂರವೇ?"

ಹೀಗೆ ನಮ್ಮ ಕಟ್ಟಡಕ್ಕೆ ಕ್ಷೇತ್ರಭೇಟಿ ನಿಗದಿಯಾಯಿತು. ನಾನು ಬೇಡ ಎನ್ನಬಹುದಿತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರಲ್ಲ ಎಂದು ಸುಮ್ಮನಾದೆ.

ಅಕ್ಕನಿಗೆ ಹೇಳಿದೆ. ಶನಿವಾರ ಹನ್ನೊಂದಕ್ಕೆ ಬರುತ್ತಾರೆ, ಒಂದು ಗಂಟೆ ಇರುತ್ತಾರೆ.

"ಅಯ್ಯೋ, ಭಾನುವಾರ ಅಂಜನಾಪುರದಲ್ಲಿ ಗೃಹಪ್ರವೇಶದ ತಿಂಡಿ ಕಣೆ. ದೊಡ್ಡ ಆರ್ಡರ್ರು. ಶನಿವಾರ ಹತ್ತಕ್ಕೆ ರುಬ್ಬಕ್ಕೆ ಕೂತ್ರೂ ಮುಗಿಯೋದು ಎರಡು ಗಂಟೆ. ಮಳೆ ಬೇರೆ, ಹಿಟ್ಟು ಹುಳಿ ಬರೋದೇ ನಿಧಾನ. ನಿಲ್ಸಕ್ಕಾಗಲ್ಲ."

"ಅವರು ಮನೆಯೊಳಗೆ ಬರಲ್ಲ ಅಕ್ಕಾ. ಮೀಟರ್ ನೋಡ್ತಾರೆ, ಟೆರೇಸಿಗೆ ಹೋಗ್ತಾರೆ. ನಿಮ್ಮ ಮನೆ ಮುಂದೆ ಹಾದು ಹೋಗ್ತಾರೆ ಅಷ್ಟೆ."

"ಕಿಟಕಿ ಬಾಗಿಲು ಹಾಕ್ಕೊಂಡಿರ್ತೀನಿ ಬಿಡು."

ಅತಿಥಿಗಳು ಬರುವುದನ್ನು ನನ್ನಿಂದ ಕೇಳಿದ್ದ ಓನರ್ ಅಂಕಲ್ ಶನಿವಾರ ಅಂಗಡಿಗೆ ಹೋಗಲಿಲ್ಲ. ಬೆಳಿಗ್ಗೆ ಏಳಕ್ಕೇ ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎಳನೀರಿನ ಗೊನೆ ತರಿಸಿದ್ದರು. ನಾನು ಅತಿಥಿಗಳನ್ನು ಕರೆತರಲು ಕಾಲೇಜಿಗೆ ಹೋಗಿದ್ದೆ. ಹಿಂದಿರುಗಿ ಬರುವಷ್ಟರಲ್ಲಿ ಅವರು ಮಾಡಿದ್ದ ಇನ್ನೊಂದು ಏರ್ಪಾಡು ನನಗೆ ಗೊತ್ತಿರಲಿಲ್ಲ.

ಹದಿನೈದು ಜನ ಮೆಟ್ಟಿಲ ಕೆಳಗೆ ಒತ್ತಿಕೊಂಡು ನಿಂತೆವು. ಪ್ರತಿ ಮೀಟರಿನಲ್ಲೂ ಒಂದು ಸಣ್ಣ ಕೆಂಪು ದೀಪ ಇರುತ್ತದೆ. ಮನೆಯೊಳಗೆ ಕರೆಂಟು ಖರ್ಚಾದಂತೆ ಅದು ಮಿಟುಕುತ್ತದೆ, ಹೆಚ್ಚು ಖರ್ಚಾದರೆ ಬೇಗ ಬೇಗ. ಎರಡು ವಾರ ಎಂಟು ದೀಪಗಳ ಮುಂದೆ ನಿಂತು ನಿಂತು ನನಗೆ ಅವು ಎಂಟು ಜನರ ಉಸಿರಿನಷ್ಟು ಪರಿಚಿತವಾಗಿದ್ದವು. ಅಂದು ನೋಡಿದರೆ ಬೋರ್ಡು ಸತ್ತಿತ್ತು.

"ವಿದ್ಯುತ್ತು ಹೋಗಿದೆಯೇ?" ಎಂದು ಅಧ್ಯಾಪಕಿ ಕೇಳಿದರು. ನಾನು ಕನ್ನಡದಲ್ಲಿ ಓನರ್ ಅಂಕಲ್‌ಗೆ ಕೇಳಿದೆ.

"ಎಲ್ಲಿ ಹೋಗುತ್ತೆ, ಇದೆ. ನಾನೇ ಎಲ್ಲಾ ಮನೆಗೂ ಹೇಳಿ ಮೇನ್ ಆಫ್ ಮಾಡಿಸಿದೀನಿ. ಫ್ಯಾನು, ಫ್ರಿಜ್ಜು, ಎಲ್ಲಾ. ದೂರದಿಂದ ಬಂದೋರು, ಕರೆಂಟ್ ಉಳ್ಸೋದು ಹೆಂಗೆ ಅಂತ ನೋಡಕ್ಕೆ ಬಂದವ್ರೆ. ನಮ್ಮ ಬಿಲ್ಡಿಂಗ್ ಮರ್ಯಾದೆ ಅಲ್ವಾ? ಹೇಳು ಅವ್ರಿಗೆ, ನಾವು ಎಷ್ಟು ಉಳಿಸ್ತೀವಿ ಅಂತ."

ನಾನು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಕಂಡಿತು. ಬೋರ್ಡು ಪೂರ್ತಿ ಸತ್ತಿರಲಿಲ್ಲ. ಎರಡನೆಯ ಸಾಲಿನಲ್ಲಿ, ಓನರ್ ಅಂಕಲ್ ಸ್ವತಃ ಬಿಳಿ ಪೇಂಟಿನಲ್ಲಿ ದೊಡ್ಡದಾಗಿ ೬ ಎಂದು ಬರೆದ ಮೀಟರಿನ ಕೆಂಪು ದೀಪ ಪಟಪಟನೆ ಮಿಟುಕುತ್ತಿತ್ತು. ಉಳಿದ ಏಳು ಉರಿಯುತ್ತಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಕ್ಕ ಕಿಟಕಿ ಹಾಕಿಕೊಂಡಿದ್ದರು, ಬಾಗಿಲು ಹಾಕಿಕೊಂಡಿದ್ದರು, ಗೋಣಿಚೀಲ ಹಾಸಿದ್ದರು. ಮೇಲಿನಿಂದ ಒಂದು ಚೂರೂ ಸದ್ದಿರಲಿಲ್ಲ. ಆ ಕತ್ತಲೆ ಮೂಲೆಯಲ್ಲಿ ಕಡಲೆಕಾಳಿನಷ್ಟು ಬೆಳಕು ಹದಿನೈದು ಜನರ ಮುಂದೆ ಅವರು ಮಾಡುತ್ತಿದ್ದ ಕೆಲಸವನ್ನು ಹೇಳುತ್ತಿತ್ತು.

ದ್ವೀಪದ ಹುಡುಗಿ ಬೆರಳು ತೋರಿಸಿದಳು. ಅಧ್ಯಾಪಕಿ ಬಾಗಿ ನೋಡಿದರು. "ಇದೊಂದು ಮಾತ್ರ ಯಾಕೆ ಎಚ್ಚರವಾಗಿದೆ?"

ಪ್ರಶ್ನೆಯನ್ನು ನಾನು ಕನ್ನಡಕ್ಕೆ ತರಬೇಕಿತ್ತು. ತರಬೇಕಾಗಿ ಬರಲಿಲ್ಲ. ಓನರ್ ಅಂಕಲ್ ಆಗಲೇ ಬೋರ್ಡನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ನಗು ಹಾಗೇ ಇತ್ತು, ಕಣ್ಣು ಮಾತ್ರ ಆ ೬ರ ಮೇಲೆ. ನಾನು ಅಕ್ಕನ ಮಗಳ ಪುಸ್ತಕಗಳನ್ನು, ಡಬರಿಗಳನ್ನು, ಅವೆಲ್ಲ ಒಂದು ಟೆಂಪೋಗೆ ಏರುವುದನ್ನು ನೆನೆದೆ. ಆ ಎಂಟು ಮೀಟರುಗಳ ಮುಂದೆ ಈ ಹದಿನೈದು ಜನರನ್ನು ತಂದು ನಿಲ್ಲಿಸಿದ್ದು ನಾನೇ.

"ಅದು ಪಂಪಿಂದು ಅಂತ ಹೇಳಮ್ಮ" ಎಂದರು ಓನರ್ ಅಂಕಲ್. "ಟ್ಯಾಂಕಿಗೆ ನೀರು ಏರಿಸ್ತಾ ಇದೀವಿ ಅಂತ ಹೇಳು."

ಪಂಪಿನ ಮೀಟರು ಬೇರೆಯೇ ಇದೆ. ಬೋರ್ಡಿನ ಪಕ್ಕದಲ್ಲಿ, ಅಧ್ಯಾಪಕಿಯ ಭುಜದ ಹತ್ತಿರವೇ, ಪಂಪಿನ ಸ್ವಿಚ್ಚಿನ ಜೊತೆ. ಸ್ವಿಚ್ಚು ಆಫ್ ಆಗಿರುವುದು ಎಲ್ಲರಿಗೂ ಕಾಣುತ್ತಿತ್ತು. ನಾನು ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮೊದಲು ಗೊತ್ತಿಲ್ಲ ಎಂದದ್ದನ್ನು ಬಿಟ್ಟರೆ, ನನ್ನ ನೆನಪಿನಲ್ಲಿ ಒಂದು ಅಳತೆಯ ವಿಷಯದಲ್ಲಿ ನಾನು ತಿಳಿದೂ ಸುಳ್ಳು ಹೇಳಿದ್ದು ಅದೊಂದೇ ಸಲ.

ಅಧ್ಯಾಪಕಿ ಪಂಪಿನ ಸ್ವಿಚ್ಚನ್ನು ನೋಡಿದರು, ಗಡಿಯಾರ ನೋಡಿದರು, ನನ್ನನ್ನು ನೋಡಿದರು. ನನ್ನ ಹಾಳೆಯಲ್ಲಿ ಆರನೆಯ ಗೆರೆ ಹನ್ನೊಂದು ಗಂಟೆಗೆ ಎಲ್ಲಿರುತ್ತದೆ ಎಂದು ಅವರಿಗೆ ನನ್ನಷ್ಟೇ ಗೊತ್ತಿತ್ತು.

"ಸರಿ" ಎಂದರು. "ಟೆರೇಸು ನೋಡೋಣವೇ?"

ಮೆಟ್ಟಿಲು ಹತ್ತುವಾಗ ಎರಡನೆಯ ಮಹಡಿಯ ಮುಚ್ಚಿದ ಬಾಗಿಲ ಮುಂದೆ ಅವರು ತುಸು ನಿಧಾನಿಸಿದರು. ಉದ್ದಿನ ಹಿಟ್ಟಿನ ವಾಸನೆ ಅಲ್ಲಿ ಗಾಳಿಯಲ್ಲೇ ಇತ್ತು.

ಸಂಜೆ ಓನರ್ ಅಂಕಲ್ ನಮ್ಮ ಮನೆಗೆ ಬಂದರು. ಅಮ್ಮ ಕಾಫಿ ತರಲು ಒಳಗೆ ಹೋದರು. ಅವರು ಕುರ್ಚಿಯ ತುದಿಯಲ್ಲಿ ಕೂತು ನೇರ ವಿಷಯಕ್ಕೆ ಬಂದರು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಂಕಲ್."

"ನಂಗೂ ಗೊತ್ತಿತ್ತು."

ನಾನು ಅವರ ಎದುರಿನ ಸ್ಟೂಲಿನ ಮೇಲೆ ಕೂತೆ.

"ತಿಂಗಳು ತಿಂಗಳು ಬಿಲ್ಲು ಬಾಗಿಲಿಗೆ ಸಿಗ್ಸೋನು ನಾನು. ಇಬ್ರೇ ಇರೋ ಮನೆಗೆ ಅಷ್ಟು ಯೂನಿಟ್ ಬರುತ್ತಾ? ಮೆಟ್ಲು ಮೇಲೆಲ್ಲ ಹಿಟ್ಟಿನ ವಾಸನೆ. ನಮ್ಮ ಮನೆಯೋಳು ವಾರಕ್ಕೆರಡು ಸಲ ಅಂಗಡಿಯಿಂದ ಅದೇ ಹಿಟ್ಟೇ ತರ್ತಾಳೆ. ದೋಸೆ ಚೆನ್ನಾಗೇ ಬರುತ್ತೆ."

ಕಾಫಿ ಹಿಡಿದು ಬಂದ ಅಮ್ಮ ಅಲ್ಲೇ ನಿಂತರು. "ಮತ್ತೆ ಇಷ್ಟು ದಿನ ಸುಮ್ನಿದ್ರಲ್ಲ?"

"ಗೊತ್ತು ಅಂದ್ಬುಟ್ರೆ ಏನಾರ ಮಾಡ್ಬೇಕಾಗುತ್ತೆ ಕಣಮ್ಮ. ಟೈಲರಿಂಗ್ ಅಮ್ಮಂದು ಅಕ್ಕಪಕ್ಕದೋರೆಲ್ಲ ಬಂದು ಕಂಪ್ಲೇಂಟ್ ಹೇಳಿದ್ರು, ಆಗ ಗೊತ್ತಿಲ್ಲ ಅನ್ನಕ್ಕಾಗ್ಲಿಲ್ಲ. ಇವ್ರು ಯಾರ ತಂಟೆಗೂ ಹೋದೋರಲ್ಲ. ಈಗ ನೋಡಿ, ಹೊರಗಿನೋರು ಹದಿನೈದು ಜನ ಕೈ ಮಾಡಿ ತೋರಿಸಿದ್ರು. ಇನ್ನು ಹೆಂಗೆ ಗೊತ್ತಿಲ್ಲ ಅನ್ನೋದು?"

ಕಾಫಿ ಕುಡಿದು ಲೋಟ ಇಟ್ಟು ಎದ್ದರು. ಕೆಳಗಿಳಿಯಲಿಲ್ಲ. ಅವರ ಚಪ್ಪಲಿಯ ಸದ್ದು ಮೇಲಕ್ಕೆ ಹೋಯಿತು, ಆಮೇಲೆ ಬಾಗಿಲು ತಟ್ಟಿದ ಸದ್ದು. ನಾನೂ ಅಮ್ಮನೂ ಹಾಲ್‌ನಲ್ಲಿ ನಿಂತೇ ಇದ್ದೆವು. ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಇಪ್ಪತ್ತು ನಿಮಿಷದ ಮೇಲೆ ಅವರು ಇಳಿದು ಹೋದರು. ಅಕ್ಕ ನಮ್ಮ ಬಾಗಿಲಿಗೆ ಬಂದರು, ಕೈಯಲ್ಲಿ ಇನ್ನೂ ಹಿಟ್ಟು.

"ಬೇರೆ ಮೀಟ್ರಿಗೆ ಅರ್ಜಿ ಹಾಕ್ಬೇಕಂತೆ, ವ್ಯಾಪಾರದ್ದು. ಓನರ್ ಒಪ್ಪಿಗೆ ಪತ್ರ ಬೇಕಂತಲ್ಲ, ಸೈನ್ ಹಾಕ್ತೀನಿ ಅಂದ್ರು. ಗ್ರೈಂಡರ್ರು ಮೇಲೆ ಬೇಡ, ಕೆಳಗೆ ಸ್ಕೂಟರ್ ಪಕ್ಕದ ರೂಮಿಗೆ ಇಳಿಸ್ಬೇಕಂತೆ. ಮೀಟ್ರು ಬರೋವರೆಗೂ ಯಾರ ಕಣ್ಣಿಗೂ ಬೀಳ್ಬೇಡ ಅಂದ್ರು." ಮಾತಾಡುತ್ತ ಅವರು ಗೋಡೆಗೆ ಒರಗಿದರು. "ಮೇನ್ ಆಫ್ ಮಾಡಿ ಅಂದಾಗ ಹೂಂ ಅಂದಿದ್ದೆ ಕಣೆ, ಆರ್ಡರ್ ಬಿಟ್ಟು ಕಲ್ಲು ನಿಲ್ಸಕ್ಕಾಗ್ಲಿಲ್ಲ. ಹಿಟ್ಟು ಮಾತ್ರ ಸರಿಯಾಗೇ ಬಂತು."

ಮೀಟರು ಬರುವುದು ತಿಂಗಳಾಗಬಹುದು. ನನ್ನ ಮಂಡನೆ ಬುಧವಾರ, ಇಲಾಖೆಯವರ ಎದುರು.

ಭಾನುವಾರ ಇಡೀ ದಿನ ಲ್ಯಾಪ್‌ಟಾಪಿನ ಮುಂದೆ ಕೂತೆ. ಆರನೆಯ ಮನೆಯನ್ನು ಬಿಟ್ಟುಬಿಡಬಹುದಿತ್ತು. ಅದು ಅಳತೆಯ ಮಟ್ಟಿಗೆ ಮೋಸ, ಇದ್ದದ್ದನ್ನು ಇಲ್ಲ ಎಂದ ಹಾಗೆ. ಮನೆಗಳ ಸಂಖ್ಯೆ ತೆಗೆದು ಹಾಕಬಹುದಿತ್ತು. ಎಂಟೇ ಮನೆ, ಯಾರಾದರೂ ಒಂದು ಸಲ ಬಂದು ನಿಂತರೆ ಗೊತ್ತಾಗುತ್ತದೆ. ಕೊನೆಗೆ ಎಂಟು ಮನೆಗಳ ಅಂಕಿಗಳನ್ನೂ ಕೂಡಿಸಿ ಒಂದೇ ಗೆರೆ ಮಾಡಿದೆ. ಬೇರೆ ದಾರಿ ಕಾಣದೆ ಮಾಡಿದ್ದು.

ಪರದೆಯ ಮೇಲೆ ಮೂಡಿದ್ದನ್ನು ನೋಡಿ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ. ಒಂದೊಂದಾಗಿ ನೋಡಿದಾಗ ಆ ಗೆರೆಗಳು ಎಷ್ಟು ಒರಟು, ಎಷ್ಟು ಒಂಟಿ. ಒಂದರಲ್ಲಿ ಏಳು ಗಂಟೆಗೆ ಗೀಸರು ನೆಗೆದು ನಿಲ್ಲುತ್ತದೆ, ಇನ್ನೊಂದರಲ್ಲಿ ಎಂಟಕ್ಕೆ. ಕೂಡಿಸಿದಾಗ ಒಬ್ಬರ ನೆಗೆತ ಇನ್ನೊಬ್ಬರ ಬಿಡುವಿನಲ್ಲಿ ಕೂತಿತ್ತು. ಎಂಟೇ ಮನೆಗೆ ಗೆರೆ ಅಷ್ಟು ತಾಳ್ಮೆಯದ್ದಾಗಿತ್ತು. ಇನ್ನು ಒಂದು ಬಡಾವಣೆ ಸೇರಿದರೆ, ಒಂದು ಊರು ಸೇರಿದರೆ, ದೇಶ ಸೇರಿದರೆ? ಯಾರನ್ನೂ ಬೇರೆಯಾಗಿ ಗುರುತಿಸಲಾಗದು, ಯಾರೂ ಬಿಟ್ಟುಹೋಗಿರುವುದಿಲ್ಲ. ಅಮ್ಮ ಚಿಲ್ಲರೆ ಎಂದು ಬಿಟ್ಟ ದಶಾಂಶಗಳನ್ನು ಬಿಟ್ಟು ಉಳಿದದ್ದೆಲ್ಲ ಅಲ್ಲಿತ್ತು. ನಾನು ಜನರ ಗುಂಪಿನಲ್ಲಿ ಯಾವತ್ತೂ ನೆಮ್ಮದಿಯಾಗಿ ಇದ್ದವಳಲ್ಲ. ಆ ಗೆರೆಯಲ್ಲಿ ಇರಬಹುದು ಅನ್ನಿಸಿತು.

ಮಂಡನೆಯ ಹಿಂದಿನ ದಿನ ಅದನ್ನು ಅಧ್ಯಾಪಕಿಗೆ ತೋರಿಸಿ, ಮನೆವಾರು ಗೆರೆಗಳನ್ನು ಕೊಡಲಾರೆ ಎಂದೆ.

"ಹಾಗಾದರೆ ವರದಿಯಲ್ಲಿ ನಿಮ್ಮ ಭಾಗ ಸೇರುವುದಿಲ್ಲ. ಎಂಟು ಮನೆಗಳ ಮೊತ್ತದಲ್ಲಿ ಹೊಸದೇನಿಲ್ಲ. ಹೊಸದಿದ್ದದ್ದು ಆ ಒಂದು ಮನೆಯಲ್ಲಿ."

"ಗೊತ್ತು."

ಅವರು ಪೆನ್ಸಿಲಿನ ವೃತ್ತವಿದ್ದ ಹಳೆಯ ಹಾಳೆಯನ್ನು ತಮ್ಮ ಚೀಲದಿಂದ ತೆಗೆದು ನನಗೆ ಕೊಟ್ಟರು. "ಆ ಕೊಠಡಿಯಲ್ಲಿ ಅಷ್ಟು ವರ್ಷ ಕೂತು ನಾನು ಒಂದು ಮನೆಯನ್ನೂ ಕಂಡವಳಲ್ಲ. ಮೊತ್ತವನ್ನು ಮಾತ್ರ ಕಂಡೆ. ಜನ ಅದರೊಳಗೆ ಇದ್ದಾರೆ ಎಂದು ನಂಬಿಕೊಂಡು ಕೆಲಸ ಮಾಡಿದೆ. ಮೊನ್ನೆ ಆ ಮೆಟ್ಟಿಲಲ್ಲಿ ಬಂದ ವಾಸನೆ ಯಾವುದರದ್ದು, ಅದನ್ನಾದರೂ ಹೇಳಬಹುದೇ?"

ಹೇಳಿದೆ. ನಾಳೆ ಅದನ್ನು ಎಲ್ಲಿ ತಿನ್ನಬಹುದು ಎಂದು ಕೇಳಿದರು. ಪದ್ಮನಾಭನಗರದ ಒಂದು ಹೋಟೆಲಿನ ದಾರಿ ಬರೆದುಕೊಟ್ಟೆ.

ಬುಧವಾರ ನನ್ನ ಮಂಡನೆ ಏಳು ನಿಮಿಷದಲ್ಲಿ ಮುಗಿಯಿತು. ಯಾರೂ ಪ್ರಶ್ನೆ ಕೇಳಲಿಲ್ಲ. ವರದಿಯಲ್ಲಿ ನನ್ನ ಹೆಸರು ಭಾಗವಹಿಸಿದವರ ಪಟ್ಟಿಯಲ್ಲಿ ಮಾತ್ರ ಇದೆ.

ಆಗಸ್ಟಿನಲ್ಲಿ ಹೊಸ ಮೀಟರು ಬಂತು. ಗ್ರೈಂಡರನ್ನು ನಾಲ್ವರು ಸೇರಿ ಕೆಳಗಿನ ರೂಮಿಗೆ ಇಳಿಸಿದರು. ಮರುದಿನ ನಾನು ಹೊರಗೆ ಹೊರಟಾಗ ಅಕ್ಕ ಬಾಗಿಲು ಹಾರು ಹೊಡೆದು, ಸೊಂಟಕ್ಕೆ ಸೆರಗು ಸಿಕ್ಕಿಸಿ ಕೂತಿದ್ದರು. ಕಲ್ಲು ತಿರುಗುವ ಸದ್ದು ಬೀದಿಗೆ ಕೇಳುತ್ತಿತ್ತು. ನನ್ನನ್ನು ಕರೆದರು.

"ಇನ್ಮೇಲೆ ಯಾವಾಗ ಬೇಕಾದ್ರೂ ರುಬ್ಬಬಹುದು ಕಣೆ. ಸಂಜೆ ಏಳಕ್ಕೆ ಹಾಕ್ಕೊಂಡ್ರೆ ನಂಗೆ ಅನುಕೂಲ. ಮಗಳೂ ಬಂದಿರ್ತಾಳೆ, ಕೈ ಹಾಕ್ತಾಳೆ. ನೀನು ಇದನ್ನೇ ಓದಿರೋಳಲ್ವಾ, ಯಾವಾಗ ಮಾಡಿದ್ರೆ ಒಳ್ಳೇದು, ಹೇಳು."

ಮೂರು ವಾರ ನಾವು ಹದಿನೈದು ಜನ ಕೂತು ಹುಡುಕಿದ ಪ್ರಶ್ನೆ ಅದು. ನಾವು ಮೆಚ್ಚಿದ ಉತ್ತರವನ್ನು ಅಕ್ಕ ಹೆದರಿಕೆಯಿಂದ ಮಾಡುತ್ತಿದ್ದರು, ಹೆದರಿಕೆ ಹೋದ ದಿನವೇ ಅದೂ ಹೋಗುವುದಿತ್ತು. ಕೊಡಲು ನನ್ನ ಹತ್ತಿರ ದರದ ರಿಯಾಯಿತಿ ಇರಲಿಲ್ಲ, ಕಾನೂನು ಇರಲಿಲ್ಲ.

"ಮಧ್ಯಾಹ್ನ" ಎಂದೆ.

"ಯಾಕೆ?"

ನಾನು ಬಾಗಿಲ ಪಕ್ಕದ ಅಕ್ಕಿಮೂಟೆಯ ಮೇಲೆ ಕೂತೆ. ಐವತ್ತರ ಸುತ್ತ ನಡುಗುವ ಸಂಖ್ಯೆಯಿಂದ ಶುರುಮಾಡಿ, ಪಾವಗಡದ ಬಿಸಿಲು, ಸಂಜೆಯ ಕಲ್ಲಿದ್ದಲು, ಒಂದು ದ್ವೀಪದಲ್ಲಿ ಉಪ್ಪಾದ ಆಟದ ಮೈದಾನ, ಎಲ್ಲ ಹೇಳಿದೆ. ನಾನು ಒಬ್ಬರಿಗೆ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ನೆನಪಿಲ್ಲ. ಅಕ್ಕ 'ಈ ಕಲ್ಲು ತಿರುಗಿದ್ರೆ ಅಸ್ಸಾಮಿನಲ್ಲಿ ಗೊತ್ತಾಗುತ್ತಾ' ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಗ್ರೈಂಡರನ್ನು ನಿಲ್ಲಿಸಿ, ತಿರುಗುವುದು ನಿಲ್ಲುವವರೆಗೂ ಕಲ್ಲನ್ನು ನೋಡಿದರು. ಮತ್ತೆ ಹಾಕಿದರು.

"ಬಿಸಿಲು ಹೊತ್ತಲ್ಲಿ ರುಬ್ಬಿದ್ರೆ ಹಿಟ್ಟು ಕಾಯುತ್ತೆ, ಬೇಗ ಹುಳಿ ಬರುತ್ತೆ" ಎಂದರು. "ಹೋದ ಬೇಸಿಗೇಲಿ ಐಸ್ ನೀರು ಹಾಕಿ ಹಾಕಿ ಸಾಕಾಗಿತ್ತು. ಈ ತಿಂಗಳು ಮಾಡಿ ನೋಡ್ತೀನಿ. ಬೇಸಿಗೆ ಬಂದಾಗ ಆಗ್ದಿದ್ರೆ ನಿನ್ನೇ ಕೇಳ್ತೀನಿ, ಆಗ ಬೇರೆ ಏನಾದ್ರೂ ಯೋಚ್ನೆ ಮಾಡಿಟ್ಟಿರು."